ಹೊರದೇಶಕ್ಕೆ ಹೋದರೆ ಭಾಷೆ ಬಿಡಬೇಕೆ?

ದೊಡ್ಡನೆಕ್ಕುಂದಿಯ ಟೀ ಅಂಗಡಿ ಮುಂದೆ ಒಂದು ಗಳಿಗೆ ನಿಲ್ಲಿ ಗೆಳೆಯರೇ. ಇಂಜಿನಿಯರಿಂಗ್ ಮುಗಿಸಿದ ಹುಡುಗರದು ಒಂದೇ ಮಾತು: ಎಂಎಸ್‌ಗೆ ಜರ್ಮನಿಯೋ, ಅಮೆರಿಕವೋ? ಹೋಗಲಿ, ಬೇಡವೆಂದವರು ಯಾರು! ಭಾರತದ ಕಾಲೇಜು ವಿದ್ಯಾರ್ಥಿಗಳಲ್ಲಿ ಹಾಗೆ ಹೋಗುವವರು ನೂರಕ್ಕೆ ಐವರೂ ಇಲ್ಲ. ಪುಟ್ಟ ಲಕ್ಸೆಂಬರ್ಗಿನಲ್ಲಿ ಬಹುಪಾಲು ಮಂದಿ ಹೊರಗೇ ಓದುತ್ತಾರೆ. 2003ರವರೆಗೆ ಅಲ್ಲಿ ಪೂರ್ಣ ವಿಶ್ವವಿದ್ಯಾಲಯವೇ ಇರಲಿಲ್ಲ!

ಐಸ್‌ಲ್ಯಾಂಡ್ ನೋಡಿ. ಇಡೀ ದೇಶದ ಜನ 4 ಲಕ್ಷದ ಆಸುಪಾಸು. ನಮ್ಮ ಮಹದೇವಪುರ ಕ್ಷೇತ್ರದ ಮತದಾರರೇ 6 ಲಕ್ಷ ಮೀರಿದ್ದಾರೆ! ಹೆಚ್ಚಿನ ಓದಿಗೆ ಅಲ್ಲಿಯವರೂ ಡೆನ್ಮಾರ್ಕಿಗೆ ಹೋಗುತ್ತಾರೆ. ಆದರೆ 1911ರಲ್ಲಿ ಹುಟ್ಟಿದ ಅವರ ವಿಶ್ವವಿದ್ಯಾಲಯದಲ್ಲಿ ಪದವಿಯ ಪಾಠ ಬಹುತೇಕ ತಾಯ್ನುಡಿಯಲ್ಲೇ, ವೈದ್ಯಕೀಯವೂ ಸೇರಿ. ಪುಸ್ತಕ ಇಂಗ್ಲಿಷಿನದಿರಬಹುದು, ಪಾಠ ಅವರದೇ.

ನಾವು? 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ. ಮೈಸೂರು ವಿಶ್ವವಿದ್ಯಾಲಯ 1916ರದು, ಅವರಿಗಿಂತ ಐದೇ ವರ್ಷ ಕಿರಿದು. 2021ರಲ್ಲಿ ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಬಂತು, ಸೀಟು ತುಂಬಲಿಲ್ಲ. ಹುಡುಗರನ್ನು ಬೈಯಬೇಡಿ ಸ್ವಾಮಿ. ಕನ್ನಡದಲ್ಲಿ ಓದಿ ಬಂದವನನ್ನು ರಿಂಗ್ ರೋಡಿನ ಕಂಪನಿಗಳು ಸಂದರ್ಶನದಲ್ಲಿ ಯಾವ ಭಾಷೆಯಲ್ಲಿ ಮಾತಾಡಿಸುತ್ತವೆ, ಹೇಳಿ?