ಬಣ್ಣದ ವೃತ್ತಿ, ಮನೆಯ ಬಾಗಿಲು

ಮದುವೆಯ ಮನೆಯಲ್ಲಿ ವಧುವನ್ನು ಸಿಂಗರಿಸಿದ ಹೆಣ್ಣುಮಗಳ ಕೈಚಳಕವನ್ನು ನಾವೆಲ್ಲರೂ ಮನಸಾರೆ ಹೊಗಳುತ್ತೇವೆ. ನಮ್ಮ ಮಗಳೇ ಆ ವೃತ್ತಿಯನ್ನು ಕೈಗೊಳ್ಳುವೆನೆಂದಾಗ ಮಾತ್ರ ಮೌನ ತಾಳುತ್ತೇವೆ. ಈ ಅಳುಕು ನ್ಯಾಯವೇ?

ಮುಂಬಯಿಯ ಚಿತ್ರರಂಗದಲ್ಲಿ ಹಲವು ದಶಕಗಳ ಕಾಲ ಮೇಕಪ್ ಕಲಾವಿದರ ಸದಸ್ಯತ್ವ ಸ್ತ್ರೀಯರಿಗೆ ದೊರೆಯುತ್ತಿರಲಿಲ್ಲ. ಅವರು ಕೇಶಾಲಂಕಾರ ಮಾಡಬಹುದಿತ್ತು. ಮುಖಕ್ಕೆ ಬಣ್ಣ ಹಚ್ಚುವ ಕೆಲಸ ಪುರುಷರಿಗೆ ಮೀಸಲಾಗಿತ್ತು. ಸ್ತ್ರೀಯರಿಗೆ ಅವಕಾಶವಿತ್ತರೆ ಪುರುಷರಿಗೆ ಕೆಲಸವಿಲ್ಲದಂತಾಗುವುದೆಂಬುದು ವೃತ್ತಿಸಂಘದ ವಾದ. ಚಾರು ಖುರಾನಾ ಮತ್ತಿತರ ಕಲಾವಿದೆಯರು ಇದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2014ರ ನವೆಂಬರ್ 10ರಂದು ನ್ಯಾಯಾಲಯವು ಆ ನಿರ್ಬಂಧವನ್ನು ರದ್ದುಪಡಿಸಿತು. ಸಮಾನತೆಗೂ ಜೀವನೋಪಾಯದ ಹಕ್ಕಿಗೂ ಅದು ವಿರುದ್ಧವೆಂದು ಸಾರಿತು.

ಸಂಘದ ಬಾಗಿಲನ್ನು ನ್ಯಾಯಾಲಯ ತೆರೆಯಿಸಬಲ್ಲದು. ಮನೆಯ ಬಾಗಿಲನ್ನು ನಾವೇ ತೆರೆಯಬೇಕು.

ಹಾಗೆಂದು ಇದು ಸುಲಭದ ಹಾದಿಯಲ್ಲ. ಅನುಭವಿಗಳ ಕೈಕೆಳಗೆ ಕೆಲಕಾಲ ದುಡಿದು ಕಲಿಯಬೇಕು. ಚರ್ಮದ ಗುಣವನ್ನರಿಯಬೇಕು, ಹೊಸ ಪ್ರಸಾಧನವನ್ನು ಒಂದೆರಡು ದಿನ ಮೊದಲೇ ತೋಳಿನ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು. ಒಬ್ಬರಿಗೆ ಬಳಸಿದ ಕುಂಚವನ್ನು ತೊಳೆಯದೆ ಮತ್ತೊಬ್ಬರಿಗೆ ಬಳಸಬಾರದು. ವಧುವಿನ ಅಲಂಕಾರವನ್ನೇ ನಂಬಿದವರಿಗೆ ಲಗ್ನದ ದಿನಗಳಲ್ಲಿ ಬಿಡುವಿರದು, ಆಷಾಢದಲ್ಲಿ ಕೆಲಸವಿರದು. ಆದ್ದರಿಂದ ಉಳಿತಾಯದ ಶಿಸ್ತೂ ಬೇಕು.

ಮಗಳು ಕೇಳಿದಾಗ ಬೇಡವೆನ್ನುವ ಮೊದಲು, ಎಲ್ಲಿ, ಯಾರಲ್ಲಿ, ಹೇಗೆ ಕಲಿಯುವೆಯೆಂದು ವಿಚಾರಿಸೋಣ. ಆ ಪ್ರಶ್ನೆಯಲ್ಲಿಯೇ ನಮ್ಮ ಒಪ್ಪಿಗೆಯೂ ಎಚ್ಚರಿಕೆಯೂ ಅಡಗಿರಲಿ.