ತಟ್ಟೆಯ ಮೇಲಿಲ್ಲದ ಹೆಸರುಗಳು

ಭೀಮಾ ದಂಡೆಯ ಸೊನ್ನದಲ್ಲಿ ಜಾಝ್ ಮಾತೆತ್ತಿದರೆ ನಗುವವರೇ ಹೆಚ್ಚು. ಹೊರಗಿನವರಿಗೆ ಈ ಊರು ಗೊತ್ತಿರುವುದು ಬ್ಯಾರೇಜಿನಿಂದ, ಮಳೆಗಾಲದಲ್ಲಿ ಎಷ್ಟು ಗೇಟು ಎತ್ತಿದರು ಎಂಬ ಸುದ್ದಿಯಿಂದ. ಇಲ್ಲಿಯ ರಾತ್ರಿಗಳಿಗೆ ಭಜನೆ, ತತ್ವಪದ, ಮೊಹರಂ ಪದಗಳೇ ಸಾಕು. ಆದರೂ ಕೇಳಿಕೆಯ ಲೆಕ್ಕ ಹಾಕಲು ಕೂತರೆ ಜಾಝ್ ರಸಿಕರ ಒಂದು ಚಟ ನೆನಪಾಗುತ್ತದೆ. ಇಬ್ಬರು ಕೂಡಿದರೆ ಸಾಕು, ಬೇಸ್ ಯಾರದು, ಡ್ರಮ್ಸ್ ಯಾರದು, ಯಾವ ದಿನ ಮುದ್ರಿಸಿದ್ದು, ಮೊದಲ ಒತ್ತೋ ಮರುಮುದ್ರಣವೋ ಎಂದು ಮಾತು ಶುರು.

ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಬಂದದ್ದು 1959ರಲ್ಲಿ. ಜನಕ್ಕೆ ಅದು ಡೇವಿಸ್ ತಟ್ಟೆ. ರಸಿಕರಿಗೆ ಕೋಲ್ಟ್ರೇನ್, ಆ್ಯಡರ್ಲಿ, ಬಿಲ್ ಇವಾನ್ಸ್, ವಿಂಟನ್ ಕೆಲಿ, ಪಾಲ್ ಚೇಂಬರ್ಸ್, ಜಿಮ್ಮಿ ಕಾಬ್ ಎಲ್ಲರ ಹೆಸರೂ ಬಾಯಿಪಾಠ. ಮೊದಲ ಬದಿಯನ್ನು ಹಿಡಿದ ಟೇಪ್ ಯಂತ್ರ ತುಸು ನಿಧಾನ ಓಡಿತ್ತು. ಹಾಗಾಗಿ ತಟ್ಟೆಯಲ್ಲಿ ಶ್ರುತಿ ಎಳೆಯಷ್ಟು ಮೇಲೇ ಕೇಳುತ್ತಿತ್ತು. ಅದು ಸರಿಹೋಗಲು 1992ರ ಮರುಮುದ್ರಣ ಬರಬೇಕಾಯಿತು. ಆ ಎಳೆಯಷ್ಟು ಅಂತರವೂ ಅಲ್ಲಿ ದಾಖಲೆಯಾಗಿದೆ. ನಮ್ಮ ಖಾತೆಯನ್ನು ಈ ಕನ್ನಡಿಯ ಮುಂದೆ ಹಿಡಿದು ನೋಡೋಣ.

ನಮ್ಮ ಆರಂಭವೇನೂ ಬಡವಾಗಿರಲಿಲ್ಲ. 1902ರ ನವೆಂಬರಿನಲ್ಲಿ ಕಲ್ಕತ್ತದಲ್ಲಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಾಗಿ ಹಾಡಿದಾಗ, ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ತಟ್ಟೆ ಒತ್ತುವುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸದವರಿಗೆ ಯಾವುದು ಯಾರ ಹಾಡೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ಕಣ್ಣುಮುಚ್ಚಿದ ಆಕೆಯ ಹೆಸರು ಇವತ್ತಿಗೂ ಆಕೆಯ ದನಿಯಲ್ಲೇ ಕೇಳುತ್ತದೆ. ನಮ್ಮ ತತ್ವಪದಕಾರರು ಇದನ್ನು ಎಂದೋ ಕಂಡುಕೊಂಡಿದ್ದರು. ಪದದ ಕೊನೆಯಲ್ಲಿ ಅಂಕಿತ ಹಾಕಿದರೆ ಬಾಯಿಂದ ಬಾಯಿಗೆ ಎಷ್ಟು ದೂರ ಹೋದರೂ ವಿಳಾಸ ತಪ್ಪದು. ಆದರೆ ಏಕತಾರಿ ಮೀಟಿದವನಿಗೆ, ದಮ್ಮಡಿ ಬಾರಿಸಿದವನಿಗೆ ಅಂಕಿತವಿಲ್ಲ. ಗ್ರಾಮಫೋನಿನ ತಟ್ಟೆಯೂ ಅದೇ ದಾರಿ ಹಿಡಿಯಿತು. ನಡುವಿನ ದುಂಡು ಚೀಟಿಯಲ್ಲಿ ಗಾಯಕರ ಹೆಸರು, ರಾಗದ ಹೆಸರು, ಒಂದು ನಂಬರು. ಸಾರಂಗಿ, ಹಾರ್ಮೋನಿಯಂ, ತಬಲಾ ಸಾಥಿ ಮಾಡಿದವರು ಬಹುಪಾಲು ತಟ್ಟೆಗಳಲ್ಲಿ ಇಲ್ಲವೇ ಇಲ್ಲ.

ಗಾಯಕರ ಹೆಸರೂ ಒಮ್ಮೊಮ್ಮೆ ಕಣ್ಣು ತಪ್ಪಿಸುತ್ತದೆ. ಗಂಗೂಬಾಯಿ ಹಾನಗಲ್ಲರ ಆರಂಭದ ತಟ್ಟೆಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಆಗಿನ ಎಳೆಯ, ತಾರದ ದನಿ ಕೇಳಿದವರಿಗೆ ಮುಂದಿನ ಗಂಭೀರ ಕಂಠ ಅದೇ ಮನುಷ್ಯರದು ಎಂದರೆ ನಂಬಿಕೆ ಬಾರದು. ಬಲ್ಲವರೊಬ್ಬರು ಹೇಳಿದರಷ್ಟೇ ಎರಡೂ ಹೆಸರು ಒಂದಾಗುತ್ತವೆ. ಹೀಗೆ ಹೇಳುವವರ ಬಳಗ ಇಲ್ಲದಿದ್ದರೆ ತಟ್ಟೆ ಉಳಿದೂ ಅರ್ಧ ಮೂಕ.

ತಟ್ಟೆಯ ಶಕ್ತಿ ಸಣ್ಣದಲ್ಲ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷದ ಆ 78ರ ಕಾಲದಲ್ಲಿ, ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿದ ಗದಗಿನ ಹುಡುಗ ಗುರುವನ್ನು ಹುಡುಕುತ್ತ ಮನೆಬಿಟ್ಟ. ಅವನೇ ಭೀಮಸೇನ ಜೋಶಿ. ಕನ್ನಡದ ದನಿ ಜಾಝಿನತ್ತ ಹೋದ ಕಥೆಯಲ್ಲೂ ತಟ್ಟೆಯೇ ಇದೆ. ಅಮೆರಿಕದಲ್ಲಿ ಬೆಳೆದ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪನಿಗೆ ಅಣ್ಣ ಚೇಷ್ಟೆಗೆಂದು ಕೊಟ್ಟದ್ದು 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್' ಎಂಬ ಮುದ್ರಿಕೆ, ನಮ್ಮ ಕದ್ರಿ ಗೋಪಾಲನಾಥರದು. ಚೇಷ್ಟೆ ಗಂಭೀರವಾಯಿತು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ 'ಕಿನ್ಸ್‌ಮೆನ್' ಹೊರಬಂತು.

ಅದಕ್ಕೂ ಮುಂಚೆ, 1983ರಲ್ಲಿ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬಳಗ ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೊ ಜೊತೆ ಜರ್ಮನಿಯ ಇಸಿಎಂ ಕಂಪನಿಗಾಗಿ 'ಜ್ಯೋತಿ' ಮುದ್ರಿಸಿತು. ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಅಷ್ಟಕ್ಕೇ ನಿಲ್ಲದೆ ಘಟ, ಮೋರ್ಸಿಂಗ್ ನುಡಿಸಿದ ಆರ್.ಎ. ರಾಜಗೋಪಾಲ್, ಖಂಜಿರದ ಟಿ.ಎನ್. ಶಶಿಕುಮಾರ್ ಹೆಸರೂ ಅದರಲ್ಲಿ ದಾಖಲಾಗಿವೆ. ಖಂಜಿರ ಹಿಡಿದವರ ಹೆಸರು ಕೇಳಿ ಬರೆದುಕೊಳ್ಳುವ ಶಿಸ್ತು ನಮ್ಮವರಿಗೆ ಸಿಕ್ಕಿದ್ದು ಜಾಝಿನ ಮನೆಗೆ ಹೋದಾಗ ಎಂಬುದು ಹೆಮ್ಮೆಯೂ ಹೌದು, ತುಸು ಮುಜುಗರವೂ ಹೌದು.

ಜಮೆಯ ಬದಿಯಲ್ಲಿ ಬರೆಯಬೇಕಾದದ್ದು ಉಂಟು. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿ ತಟ್ಟೆ, ಯಂತ್ರ ಎರಡೂ ಇಲ್ಲದ ಮನೆಗಳಿಗೆ ಹಾಡು ತಲುಪಿಸಿತು. ಹಾಡಿಗೆ ಮುಂಚೆ ಕಲಾವಿದರ ಹೆಸರು ಹೇಳುವ ರೂಢಿಯನ್ನು ಕಿವಿಗೆ ಹಾಕಿತು. ಮುಂಬಯಿಯಲ್ಲಿ 1990ರಲ್ಲಿ ಹುಟ್ಟಿದ ಭಾರತೀಯ ರೆಕಾರ್ಡ್ ಸಂಗ್ರಾಹಕರ ಸಂಘ ಹಳೆಯ ತಟ್ಟೆಗಳ ನಂಬರು, ಕಾಲ, ಹಾಡಿದವರ ಹಿನ್ನೆಲೆ ಕೆದಕಿ ಪ್ರಕಟಿಸಿತು. ಇವತ್ತು ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಹೊಲದ ಬದುವಿನ ಮೇಲೆ ಕೂತವನ ಮೊಬೈಲಿನಲ್ಲೂ ಸಿಗುತ್ತದೆ.

ಖರ್ಚಿನ ಬದಿ ಮಾತ್ರ ಭಾರ. ಮೊಬೈಲಿಗೆ ಬಂದ ಹಾಡು ರಟ್ಟಿನ ಹೊದಿಕೆಯನ್ನು ಹಿಂದೆ ಬಿಟ್ಟು ಬಂದಿದೆ. ಹೊದಿಕೆಯ ಬೆನ್ನಿನಲ್ಲಿದ್ದ ನಾಲ್ಕು ಸಾಲು ಮಾಹಿತಿಯೂ ಅದರ ಸಂಗಡ ಹೋಯಿತು. ಅದಕ್ಕಿಂತ ದೊಡ್ಡ ನಷ್ಟ ನಮ್ಮ ಕ್ಯಾಸೆಟ್ಟುಗಳದು. ಮನೆಯ ಟೇಪ್ ರೆಕಾರ್ಡರಿನಲ್ಲೇ ಹಿಡಿದಿಟ್ಟ ಭಜನೆ, ರಾತ್ರಿಯಿಡೀ ನಡೆದ ತತ್ವಪದದ ಮೇಳ, ಇವು ಒಂದೇ ಪ್ರತಿಯ ಮುದ್ರಣಗಳು. ಇವಕ್ಕೆ ನಂಬರಿಲ್ಲ, ಮರುಮುದ್ರಣ ತರುವ ಕಂಪನಿಯೂ ಇಲ್ಲ. ಟೇಪಿಗೆ ಬೂಸ್ಟು ಹಿಡಿದರೆ ಅಲ್ಲಿಗೆ ಮುಗಿಯಿತು. ಮೊಬೈಲಿಗೆ ಇಳಿಸಿದವರೂ ಹೆಸರು ಕೊಟ್ಟಿದ್ದು 'ಭಜನಿ 1', 'ಭಜನಿ 2' ಎಂದೇ.

ಹಾಡಿನ ಸವಿಗೆ ಹೆಸರೇಕೆ, ಭಕ್ತಿಗೆ ಪಟ್ಟಿಯೇಕೆ ಎಂದು ಕೇಳುವವರಿದ್ದಾರೆ. ಭಜನೆಯಲ್ಲಿ ತಾನೆಂಬುದು ಕರಗಬೇಕು ಎಂಬ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಕರಗಿಸಬೇಕಾದದ್ದು ಹಾಡುವವರು, ಅಳಿಸಬೇಕಾದದ್ದು ಕೇಳುವವರಲ್ಲ. ಜಾಝ್ ರಸಿಕರ ಎಲ್ಲ ಗೀಳೂ ನಮಗೆ ಬೇಕಾಗಿಲ್ಲ. ಮೊದಲ ಒತ್ತಿಗೆ ದುಡ್ಡು ಸುರಿಯುವ ಶೋಕಿ ಅವರಿಗೇ ಇರಲಿ. ಅವರಿಂದ ಕಲಿಯಬೇಕಾದದ್ದು ಆ ಒಂದು ಪ್ರಶ್ನೆಯನ್ನು. ನಮ್ಮ ಮಾತಿನಲ್ಲಿ ಅದು ಇಷ್ಟೇ: 'ದಮ್ಮಡಿ ಯಾರದು ಅದ?'

ಉತ್ತರ ಹೇಳಬಲ್ಲವರು ಇನ್ನೂ ಕಟ್ಟೆಯ ಮೇಲೆ ಕೂತಿದ್ದಾರೆ. ಬರುವ ಅಮಾವಾಸ್ಯೆಯ ಭಜನೆ ಮುಗಿದ ಮೇಲೆ, ಮೊಬೈಲಿನ 'ಭಜನಿ 1' ಹಚ್ಚಿ ಅವರ ಕೈಗೆ ಕೊಡಿ. ನಡುವೆ ಯಾರದೋ ಕೆಮ್ಮು ಕೇಳಿಸಿದರೂ ಅದು ಯಾರದೆಂದು ಹೇಳಿಯಾರು. ಕೈಯಲ್ಲಿ ಒಂದು ಪೆನ್ನಿರಲಿ.