ಬಯೋಟೆಕ್ ಓದಿದವಳಿಗೆ ಎಂಬಿಎ ಯಾಕೆ?

"ಅಮ್ಮಾ, ನಾನು ಎಂಬಿಎಗೆ ಅರ್ಜಿ ಹಾಕಬೇಕು ಅಂತಿದೀನಿ." ಮಗಳು ಫೋನಿನಲ್ಲಿ ಹೀಗೆ ಹೇಳಿದಾಗ ನಾನು ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಮಾತು ಮುಗಿಯುವಷ್ಟರಲ್ಲಿ ಸಾಸಿವೆ ಸೀದುಹೋಗಿತ್ತು.

ಅವಳು ಬಯೋಟೆಕ್ನಾಲಜಿಯಲ್ಲಿ ಬಿ.ಇ. ಮಾಡಿ, ಬೆಂಗಳೂರಿನ ಔಷಧ ಕಂಪನಿಯೊಂದರಲ್ಲಿ ನಾಲ್ಕು ವರ್ಷದಿಂದ ಇದ್ದಾಳೆ. ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಿ ಔಷಧ ತೆಗೆಯುವ ಕೆಲಸ. "ದೋಸೆ ಹಿಟ್ಟು ಹುದುಗು ಬರೋದನ್ನ ಕಾಯ್ದಂಗೆ ಅಮ್ಮಾ. ಆದ್ರೆ ಬಿಸಿ, ಗಾಳಿ, ಹುಳಿ ಎಲ್ಲಾ ಅಳತೆಗೆ ಸರಿಯಾಗಿರಬೇಕು. ಬೇರೆ ಕ್ರಿಮಿ ಹೊಕ್ಕಿತೋ, ಇಡೀ ಟ್ಯಾಂಕ್ ಚೆಲ್ಲಬೇಕು" ಅಂತ ಒಮ್ಮೆ ವಿವರಿಸಿದ್ದಳು.

ಅಂಥ ಕೆಲಸ ಬಿಟ್ಟು ಎಂಬಿಎನಾ? ಬಳ್ಳಾರಿಯ ನಮ್ಮ ಓಣಿಯಲ್ಲಿ ಕೇಳಿದವರೆಲ್ಲ, ಇಷ್ಟು ವರ್ಷ ಓದಿದ್ದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂಗಾಯ್ತು ಅಂದರು. ನಮ್ಮನೆಯವರಂತೂ ಕಿರಣ್ ಮಜುಂದಾರ್ ಷಾ ಅವರನ್ನೇ ಮುಂದೆ ತಂದರು. "ಅವರು ಓದಿದ್ದು ಪ್ರಾಣಿಶಾಸ್ತ್ರ, ಆಮೇಲೆ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ. 1978ರಲ್ಲಿ ಬೆಂಗಳೂರಿನ ಗ್ಯಾರೇಜಿನಲ್ಲಿ 10,000 ರೂಪಾಯಿ ಇಟ್ಕೊಂಡು ಬಯೋಕಾನ್ ಶುರು ಮಾಡಿದ್ರು. ಎಂಬಿಎ ಎಲ್ಲಿ ಮಾಡಿದ್ರು?" ಮಗಳಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ನನಗೂ ಇಲ್ಲ.

ಆಮೇಲೆ ಅವಳ ಜೊತೆ ಕೂತು ನಾನೂ ಒಂದಿಷ್ಟು ತಿಳಿದುಕೊಂಡೆ. ಐಐಎಂಗಳ ಎರಡು ವರ್ಷದ ಕೋರ್ಸಿಗೆ ಕ್ಯಾಟ್ ಬರೆಯಬೇಕು. ನವೆಂಬರ್ ಕೊನೆಗೆ ಬರುವ ಪರೀಕ್ಷೆ. ಭಾಷೆ, ತರ್ಕ, ಗಣಿತ ಅಂತ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಅದೊಂದರಿಂದಲೇ ಸೀಟು ಸಿಗೋದಿಲ್ಲ. ಬೆಂಗಳೂರಿನ ಐಐಎಂನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನೂ ಲೆಕ್ಕಕ್ಕೆ ಹಿಡೀತಾರೆ. ಇನ್ನೊಂದು ದಾರಿ, ಕೆಲಸ ಮಾಡಿದವರಿಗಾಗಿ ಇರುವ ಒಂದು ವರ್ಷದ ಕೋರ್ಸು. ಹೈದರಾಬಾದಿನ ಐಎಸ್‌ಬಿಗೆ ಎರಡು ವರ್ಷ, ಅಹಮದಾಬಾದಿನ ಐಐಎಂಗೆ ನಾಲ್ಕು, ಬೆಂಗಳೂರಿನದಕ್ಕೆ ಐದು ವರ್ಷದ ಅನುಭವವಾದರೂ ಬೇಕು. ಈ ದಾರಿಗೆ ಜಿಮ್ಯಾಟ್. ಒಮ್ಮೆ ಬರೆದರೆ ಅಂಕ ಐದು ವರ್ಷ ನಡೆಯುತ್ತೆ. ಜೊತೆಗೆ ಪ್ರಬಂಧ, ಮೇಲಿನವರ ಶಿಫಾರಸು ಪತ್ರ, ಸಂದರ್ಶನ.

ಎರಡಕ್ಕೂ ತಯಾರಿ ಶುರು ಮಾಡಿದಳು. ಗಣಿತ ಅವಳಿಗೆ ಕಷ್ಟ ಅನಿಸಲಿಲ್ಲ. ಸಿಕ್ಕಿಕೊಂಡಿದ್ದು ಪ್ರಬಂಧದಲ್ಲಿ. "ನಿಮಗೆ ಎಂಬಿಎ ಯಾಕೆ ಬೇಕು?" ಅನ್ನೋದೇ ಪ್ರಶ್ನೆ. ಮೊದಲ ಸಲ ಬರೆದಿದ್ದನ್ನು ನನಗೆ ಓದಿ ಹೇಳಿದಳು. ನಾಯಕತ್ವ, ದೊಡ್ಡ ಕನಸು, ಜಗತ್ತನ್ನು ಬದಲಿಸೋದು... ಯಾರ ಮಗಳು ಬೇಕಾದರೂ ಬರೆಯಬಹುದಾದ ಮಾತು. "ಇದರಲ್ಲಿ ನೀನೆಲ್ಲಿದೀಯೇ?" ಅಂದೆ. ಸಿಟ್ಟು ಮಾಡಿಕೊಂಡು ಲ್ಯಾಪ್‌ಟಾಪ್ ಮುಚ್ಚಿದಳು.

ಕಳೆದ ಸಂಕ್ರಾಂತಿಗೆ ನನ್ನ ತವರು ಕುರುಗೋಡಿಗೆ ಹೋಗಿದ್ದೆವು. ಅಣ್ಣನ ಮೆಣಸಿನಕಾಯಿ ಕಣದ ತುಂಬ ಕೆಂಪಗೆ ಹರವಿತ್ತು, ಬರೀ ನೆಲದ ಮೇಲೆ. ಇವಳು ಒಂದು ಕಾಯಿ ಮುರಿದು ನೋಡಿ ಪಾಠ ಶುರು ಮಾಡಿದಳು. ತೇವ ಉಳಿದರೆ ಬೂಷ್ಟು ಬರುತ್ತೆ, ಅದರಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಹುಟ್ಟುತ್ತೆ, ಲಿವರ್ ಕ್ಯಾನ್ಸರಿಗೆ ಕಾರಣ ಆಗುತ್ತೆ, ಕುದಿಸಿದರೂ ಪೂರ್ತಿ ಹೋಗಲ್ಲ. ಯುರೋಪಿನವರು ಒಂದು ಕಿಲೋ ಮೆಣಸಿನಕಾಯಿಯಲ್ಲಿ 10 ಮೈಕ್ರೋಗ್ರಾಂಗಿಂತ ಹೆಚ್ಚಿದ್ದರೆ ಸರಕು ಒಳಗೇ ಬಿಡಲ್ಲ. "ತಾಡಪತ್ರಿ ಹಾಸಿ ಒಣಗ್ಸು ಮಾವ, ರಾತ್ರಿ ಇಬ್ಬನಿ ಬೀಳದಂಗೆ ಮುಚ್ಚು."

ಅಣ್ಣ ಎಲ್ಲಾ ಕೇಳಿ ಅಂದ: "ಅದು ನನಗೂ ಗೊತ್ತೈತವ್ವಾ. ತಾಡಪತ್ರಿಗೆ ರೊಕ್ಕ, ಮುಚ್ಚಾಕ ಆಳು. ಅಷ್ಟು ಮಾಡಿದ್ರೂ ನನಗ ಸಿಗೋದು ಅದೇ ರೇಟು. ಹೆಚ್ಚಿಂದು ಯಾರು ಕೊಡ್ತಾರ, ಅದನ್ನ ಹೇಳು."

ಮಗಳು ಸುಮ್ಮನಾದಳು. ಅವಳು ಓದಿದ ಯಾವ ಪುಸ್ತಕದಲ್ಲೂ ಅದಕ್ಕೆ ಉತ್ತರ ಇರಲಿಲ್ಲ. ಬೂಷ್ಟು ಯಾಕೆ ಬರುತ್ತೆ ಅನ್ನೋದು ವಿಜ್ಞಾನ. ಬರದಂತೆ ತಡೆಯುವ ಖರ್ಚು ಯಾರದು, ಅದರ ಲಾಭ ಯಾರಿಗೆ ಅನ್ನೋದು ಬೇರೆಯದೇ ವಿದ್ಯೆ. ವಾಪಸ್ ಬರುವಾಗ ಬಸ್ಸಿನಲ್ಲೇ ಮೊಬೈಲಿನಲ್ಲಿ ಏನೋ ಟೈಪ್ ಮಾಡುತ್ತಿದ್ದಳು. ಮಾರನೇ ದಿನ ಅಪ್ಪನ ಪ್ರಶ್ನೆಗೂ ಉತ್ತರ ಬಂತು: "ಮೇಡಂ ಕಂಪನಿ ನಡೆಸ್ತಾ ನಡೆಸ್ತಾ ಕಲಿತ್ರು ಅಪ್ಪಾ. ನಾನು ಟ್ಯಾಂಕ್ ಮುಂದೆ ನಿಂತಿದ್ರೆ ಇದನ್ನ ಕಲಿಯೋದು ಯಾವಾಗ?"

ಉಳಿದದ್ದು ದುಡ್ಡಿನ ಮಾತು. ಹಲವು ಐಐಎಂಗಳಲ್ಲಿ ಎರಡು ವರ್ಷದ ಶುಲ್ಕವೇ 20 ಲಕ್ಷ ದಾಟುತ್ತದೆ. ಸಿರುಗುಪ್ಪದಲ್ಲಿ ನಮಗೆ ಕಾಲುವೆ ನೀರಿನ ಎರಡು ಎಕರೆ ಭತ್ತದ ಗದ್ದೆ ಇದೆ, ಇವಳ ಮದುವೆಗೆ ಅಂತ ಉಳಿಸಿಟ್ಟಿದ್ದು. ಮಾರೋದೋ, ಅಡ ಇಡೋದೋ ಅಂತ ಅತ್ತೆಯವರನ್ನು ಕೇಳಲು ಹೋದೆವು. "ಗದ್ದೆ ಆಕಿ ಮದುವಿಗೆ ಅಂತ ಅಲ್ಲ, ಆಕಿಗೆ ಅಂತ ಇಟ್ಟಿದ್ದು" ಅಂದರು ಅತ್ತೆ. "ಮೊದ್ಲು ಬ್ಯಾಂಕಿನಾಗ ಕೇಳ್ರಿ. ಆಗದಿದ್ರ ನೋಡೋಣಂತ."

ಕೇಳಿದ ಮೇಲೆ ತಿಳಿಯಿತು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಅಡಮಾನವಿಲ್ಲದೆ, ಜಾಮೀನಿಲ್ಲದೆ ಸಾಲ ಸಿಗುತ್ತೆ. ಸಂಸ್ಥೆ ಪಟ್ಟಿಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಆದರೆ ಸಾಲ ಸಾಲವೇ. ಶೇ 9ರ ಬಡ್ಡಿ, 10 ವರ್ಷ ಅಂತ ಹಿಡಿದರೆ ಪ್ರತಿ 10 ಲಕ್ಷಕ್ಕೆ ತಿಂಗಳ ಕಂತು ಸುಮಾರು 12,700 ರೂಪಾಯಿ. ಓದುವ ಕಾಲದ ಬಡ್ಡಿ ಬೇರೆ. ಬಿಟ್ಟ ಸಂಬಳವೂ ಖರ್ಚೇ. ಈ ಲೆಕ್ಕವನ್ನು ಮಗಳ ಕೈಯಲ್ಲೇ ಬರೆಸಿದೆ. ಬರೆದು ಮುಗಿಸಿದಾಗ ಅವಳ ಮುಖ ಸಣ್ಣದಾಗಿತ್ತು, ಆದರೆ ಮನಸ್ಸು ಬದಲಾಗಲಿಲ್ಲ. ಆಗ ನನಗೆ ಧೈರ್ಯ ಬಂತು.

ಸೀಟು ಸಿಗುತ್ತೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಮಕ್ಕಳು ದಾರಿ ಬದಲಿಸುತ್ತೀವಿ ಅಂದಾಗ ನಾವು ಮೊದಲು ಕೇಳೋದು "ಎಲ್ಲಿ ಸಿಗುತ್ತೆ, ಎಷ್ಟು ಸಂಬಳ" ಅಂತ. "ಯಾಕೆ" ಅಂತ ಕೇಳಿ, ಉತ್ತರ ಬರುವ ತನಕ ಕಾಯೋದು ಒಳ್ಳೇದು ಅಂತ ಈಗ ಅನಿಸುತ್ತಿದೆ.

ಮೊನ್ನೆ ಅಣ್ಣ ಫೋನ್ ಮಾಡಿದ್ದ. ಶಿಫಾರಸು ಪತ್ರದ ವಿಷಯ ಯಾರೋ ಹೇಳಿದ್ದರಂತೆ. "ನನ್ನ ಕಡಿಂದನೂ ಒಂದು ಪತ್ರ ಬೇಕಂದ್ರ ಹೇಳು. ನನಗ ಪಾಠ ಮಾಡಿದ್ದನ್ನ ಬರೀತೀನಿ" ಅಂದ. ಈ ವರ್ಷದ ಕಣಕ್ಕೆ ಅವನು ಎರಡು ತಾಡಪತ್ರಿ ತಂದಿಟ್ಟಿದ್ದಾನಂತೆ. ರೇಟಿನ ಪ್ರಶ್ನೆ ಮಾತ್ರ ಹಾಗೇ ಇದೆ.